ಹೀಟಾದ ಇಂಜಿನ್ನಿಗೆ ಬೋರ್ ನೀರು ಮದ್ದಲ್ಲ

ಪ್ರೀತಿಯ ತಮ್ಮಾ,

ಜಗಳೂರು ತಾಲ್ಲೂಕಿನ ಬಿಳಿಚೋಡಿನಂಥ ಊರಿನಲ್ಲಿ ಹಳೆಯ ಮಾರುತಿ 800 ಕೊಂಡವನು ನೀನೊಬ್ಬನೇ ಅಲ್ಲ. 1983ರ ಡಿಸೆಂಬರ್‌ನಲ್ಲಿ ರಸ್ತೆಗಿಳಿದ ಈ ಕಾರಿನ ತಯಾರಿಕೆ 2014ರ ಜನವರಿಯಲ್ಲಿ ನಿಂತಿತು. ಅಂದರೆ ಅತಿ ಹೊಸ ಗಾಡಿಗೂ ಹತ್ತು ವರ್ಷ ದಾಟಿದೆ. ಅದರ ಹೀಟ್ ಗೇಜಿನ ಮುಳ್ಳು ಕೆಂಪು ಗೆರೆ ಮುಟ್ಟಿದರೆ ಸುತ್ತ ನಿಂತವರೆಲ್ಲ ಹೇಳುವುದು ಒಂದೇ: "ಒಂದು ಕೊಡ ನೀರು ಹುಯ್ಯಿ, ಹೋಗುತ್ತೆ." ಹೋಗುತ್ತದೆ, ನಿಜ. ಆದರೆ ನಮ್ಮ ಸೀಮೆಯಲ್ಲಿ ಆ ಕೊಡದ ನೀರೇ ಮುಂದಿನ ಸಲದ ಹೀಟಿಗೆ ಕಾರಣವಾಗುತ್ತದೆ. ಇದನ್ನು ನಿನಗೆ ಮನಗಾಣಿಸಲೆಂದೇ ಬರೆಯುತ್ತಿದ್ದೇನೆ.

ಜಗಳೂರು ತಾಲ್ಲೂಕು ಬರದ ಸೀಮೆ. ತುಂಗಭದ್ರೆಯ ನೀರಿನಿಂದ 57 ಕೆರೆ ತುಂಬಿಸುವ ಯೋಜನೆಗಾಗಿ ಇಲ್ಲಿಯವರು ಎಷ್ಟು ಹಂಬಲಿಸಿದರು ಎಂಬುದು ನಿನಗೇ ಗೊತ್ತು. ಹೀಗಾಗಿ ಇಲ್ಲಿ ಕೈಗೆ ಸಿಗುವುದು ಬೋರ್ ನೀರೇ. ಆಳದ ಬೋರ್‌ನಿಂದ ಬರುವ ಈ ನೀರು ಬಂಡೆಯ ಸಂದಿಯಲ್ಲಿ ಬಹುಕಾಲ ನಿಂತು ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳನ್ನು ಕರಗಿಸಿಕೊಂಡಿರುತ್ತದೆ. ಬಚ್ಚಲ ಹಂಡೆಯ ಒಳಮೈಗೆ ಕಟ್ಟುವ ಬಿಳಿ ಸುಣ್ಣದ ಹಕ್ಕಳೆ ಅದೇ. ನೀರು ಕಾದಷ್ಟೂ ಈ ಸುಣ್ಣ ಬೇಗ ಬೇರ್ಪಡುತ್ತದೆ. ಇಂಜಿನ್ನಿನಲ್ಲಿ ನೀರು ಹೆಚ್ಚು ಕಾಯುವುದು ಸಿಲಿಂಡರ್ ಹೆಡ್ಡಿನ ಒಳಗೆ. ಹಾಗಾಗಿ ಶಾಖ ಸಲೀಸಾಗಿ ಹೊರಬರಬೇಕಾದ ಜಾಗದಲ್ಲೇ ಸುಣ್ಣ ಕೂರುತ್ತದೆ. ಶಾಖ ದಾಟಿಸುವುದರಲ್ಲಿ ಅದು ಅಲ್ಯುಮಿನಿಯಂಗಿಂತ ಹತ್ತಾರು ಪಟ್ಟು ಹಿಂದೆ. ಗೇಜು ತೋರಿಸುವುದು ನೀರಿನ ಬಿಸಿಯನ್ನು ಮಾತ್ರ. ಹಕ್ಕಳೆಯ ಹಿಂದಿನ ಲೋಹ ಎಷ್ಟು ಕಾದಿದೆ ಎಂದು ಅದಕ್ಕೆ ತಿಳಿಯದು. ಇನ್ನೊಂದು ಸಂಗತಿ ಗಮನಿಸು. ಒಮ್ಮೆ ತುಂಬಿದ ನೀರಿನಲ್ಲಿರುವ ಸುಣ್ಣ ಅಳತೆಯದು, ಕೂತ ಮೇಲೆ ಮುಗಿಯಿತು. ಆದರೆ ನೀರು ಕುದಿದು ಆವಿಯಾಗಿ ಹೋದಾಗ ಲವಣ ಒಳಗೇ ಉಳಿಯುತ್ತದೆ, ಮತ್ತೆ ಹುಯ್ದ ನೀರು ಹೊಸ ಲವಣ ತರುತ್ತದೆ. ಹೀಗೆ ವಾರವಾರವೂ ಹುಯ್ಯುತ್ತ ಹೋದರೆ ರೇಡಿಯೇಟರಿನ ಸಪೂರ ಕೊಳವೆಗಳು ಒಂದೊಂದಾಗಿ ಕಟ್ಟಿಕೊಳ್ಳುತ್ತವೆ.

ಹಾಗಾದರೆ ಮೊದಲು ನೀರು ಕಡಿಮೆಯಾದದ್ದು ಏಕೆ? ಪತ್ತೆ ಶುರುವಾಗಬೇಕಾದದ್ದು ಇಲ್ಲಿಂದ. ಇಂಜಿನ್ ಯಾವ ಹೊತ್ತಿನಲ್ಲಿ ಹೀಟಾಗುತ್ತದೆ ಎಂಬುದೇ ಅರ್ಧ ಉತ್ತರ ಕೊಡುತ್ತದೆ. ದಾವಣಗೆರೆಯ ಪಿ.ಬಿ. ರಸ್ತೆಯ ಸಿಗ್ನಲ್ಲಿನಲ್ಲಿ ನಿಂತಾಗ ಮುಳ್ಳು ಏರಿ, ಊರು ದಾಟಿ ಗಾಳಿ ಹೊಡೆದೊಡನೆ ಇಳಿದರೆ ಫ್ಯಾನ್ ಮೇಲೆ ಅನುಮಾನ: ಮೋಟಾರು, ಫ್ಯೂಸ್, ರಿಲೇ ಅಥವಾ ಫ್ಯಾನಿಗೆ ಚಾಲನೆ ಕೊಡುವ ಸ್ವಿಚ್. ಇದಕ್ಕೆ ವಿರುದ್ಧವಾಗಿ ಹೈವೇಯಲ್ಲಿ ಜೋರಾಗಿ ಓಡಿಸಿದಾಗ, ಇಲ್ಲವೇ ಆಗುಂಬೆ ಘಾಟಿ ಹತ್ತುವಾಗ ಏರಿದರೆ ರೇಡಿಯೇಟರ್ ಕಟ್ಟಿಕೊಂಡಿರಬಹುದು, ವಾಟರ್ ಪಂಪಿನ ರೆಕ್ಕೆ ಸವೆದಿರಬಹುದು. ರೇಡಿಯೇಟರ್ ಒಳಗಿನಿಂದ ಮಾತ್ರವಲ್ಲ, ಹೊರಗಿನಿಂದಲೂ ಕಟ್ಟುತ್ತದೆ. ಸುಗ್ಗಿಯಲ್ಲಿ ಟಾರು ರಸ್ತೆಗೆ ಹರಡಿದ ಹುರುಳಿ, ರಾಗಿಯ ಮೇಲೆ ಹಾದು ಬಂದ ಗಾಡಿಯ ಜಾಲಿಯಲ್ಲಿ ಹೊಟ್ಟು, ಧೂಳು ಸಿಕ್ಕಿಕೊಂಡು ಗಾಳಿಯೇ ಆಡುವುದಿಲ್ಲ. ಇಂಜಿನ್ ಕಡೆಯಿಂದ ಹೊರಕ್ಕೆ ಮೆಲ್ಲಗೆ ನೀರು ಬಿಟ್ಟು ತೊಳೆದರೆ ಅರ್ಧ ಗಂಟೆಯ ಕೆಲಸ. ಸ್ಟಾರ್ಟ್ ಮಾಡಿದ ಸ್ವಲ್ಪ ಹೊತ್ತಿಗೇ ಹೀಟಾಗಿ, ಮೇಲಿನ ಹೋಸ್ ಮಾತ್ರ ಸುಡುವಷ್ಟು ಬಿಸಿಯಾಗಿ ಕೆಳಗಿನದು ತಣ್ಣಗಿದ್ದರೆ, ಬಿಸಿಯಾದಾಗ ರೇಡಿಯೇಟರಿಗೆ ನೀರು ಬಿಡುವ ಕವಾಟವಾದ ಥರ್ಮೋಸ್ಟಾಟ್ ತೆರೆಯುತ್ತಿಲ್ಲ ಅಥವಾ ರೇಡಿಯೇಟರಿನಲ್ಲಿ ನೀರು ಹರಿಯುತ್ತಿಲ್ಲ ಎಂದು ತಿಳಿ. ಎಲ್ಲಕ್ಕಿಂತ ಅಗ್ಗದ್ದು, ಎಲ್ಲರೂ ಮರೆಯುವುದು ರೇಡಿಯೇಟರಿನ ಮುಚ್ಚಳ. ಸುಮಾರು 600 ಮೀಟರ್ ಎತ್ತರದ ನಮ್ಮ ಸೀಮೆಯಲ್ಲಿ ತೆರೆದ ಪಾತ್ರೆಯ ನೀರು 98 ಡಿಗ್ರಿಗೇ ಕುದಿಯುತ್ತದೆ. 0.9 ಎಂದು ಬರೆದ ಮುಚ್ಚಳ ಒತ್ತಡ ಹಿಡಿದಿಟ್ಟು ಅದನ್ನು 118ರ ಆಸುಪಾಸಿಗೆ ಏರಿಸುತ್ತದೆ. ಅದರ ರಬ್ಬರ್ ಸತ್ತರೆ ಉಳಿದೆಲ್ಲ ಸರಿಯಿದ್ದರೂ ನೀರು ಕುದಿದು ಹೊರಬೀಳುತ್ತದೆ.

"ಥರ್ಮೋಸ್ಟಾಟ್ ಕಿತ್ತು ಬಿಸಾಕು, ನಮ್ಮ ಬಿಸಿಲಿಗೆ ಅದ್ಯಾಕೆ" ಎನ್ನುವವರು ಸಿಗುತ್ತಾರೆ. ಅವರ ಮಾತಿನಲ್ಲಿ ಹುರುಳಿದ್ದಂತೆ ಕಾಣುವುದು, ಕೆಟ್ಟು ಮುಚ್ಚಿಕೊಂಡದ್ದನ್ನು ತೆಗೆದರೆ ಆ ದಿನಕ್ಕೆ ಗಾಡಿ ಓಡುತ್ತದೆ ಎಂಬ ಕಾರಣಕ್ಕೆ. ಆದರೆ ಇಂಜಿನ್ ತನ್ನ ಹದದ ಬಿಸಿಗೆ ಬಾರದೆ ಓಡಿದರೆ ಪೆಟ್ರೋಲ್ ಹೆಚ್ಚು ಕುಡಿಯುತ್ತದೆ. ಸುಡದ ಪೆಟ್ರೋಲ್ ಆಯಿಲಿಗೆ ಇಳಿದು ಸಿಲಿಂಡರ್ ಸವೆಯುತ್ತದೆ. ಕೆಲವು ಇಂಜಿನ್ನುಗಳಲ್ಲಿ ಥರ್ಮೋಸ್ಟಾಟ್ ಬೈಪಾಸ್ ದಾರಿಯನ್ನೂ ಮುಚ್ಚುತ್ತದೆ. ಅಲ್ಲಿ ಅದನ್ನು ಕಿತ್ತರೆ ಒಂದಷ್ಟು ನೀರು ರೇಡಿಯೇಟರಿಗೆ ಹೋಗದೆ ಹಾಗೇ ಸುತ್ತಿ, ಹೀಟು ಇನ್ನೂ ಹೆಚ್ಚುತ್ತದೆ. ಹೊಸದು ಹಾಕಿಸು.

ಇನ್ನೊಂದು ವಾದ ಹಿರಿಯರದು: ಅಂಬಾಸಿಡರ್ ಕಾಲದಲ್ಲಿ ಬಾವಿ ನೀರನ್ನೇ ಹಾಕುತ್ತಿದ್ದೆವು, ಏನೂ ಆಗಲಿಲ್ಲವಲ್ಲ. ಅವರು ಸುಳ್ಳು ಹೇಳುತ್ತಿಲ್ಲ. ಹಳೆಯ ಅಂಬಾಸಿಡರಿನ ಹೆಡ್ಡೂ ಬ್ಲಾಕೂ ಎರಡೂ ಬೀಡುಕಬ್ಬಿಣ, ರೇಡಿಯೇಟರ್ ಹಿತ್ತಾಳೆ, ತಾಮ್ರದ್ದು. ಕಟ್ಟಿಕೊಂಡರೆ ತೊಟ್ಟಿ ಬಿಚ್ಚಿ, ಕಡ್ಡಿ ಆಡಿಸಿ, ಮತ್ತೆ ಬೆಸುಗೆ ಹಾಕುತ್ತಿದ್ದರು. ನಿನ್ನ ಗಾಡಿಯ ಹೆಡ್ ಅಲ್ಯುಮಿನಿಯಂ. ಅದು ಕಬ್ಬಿಣಕ್ಕಿಂತ ಸುಮಾರು ಎರಡು ಪಟ್ಟು ಹಿಗ್ಗುವ ಲೋಹ, ಮಿತಿಮೀರಿ ಕಾದರೆ ಸೊಟ್ಟಗಾಗಿ ಗ್ಯಾಸ್ಕೆಟ್ ಹೋಗುತ್ತದೆ. ನೀರಿಗೆ ಬೆರೆಸುವ ಕೂಲೆಂಟಿಗೆ ದುಡ್ಡು ಯಾರು ಹಾಕುತ್ತಾರೆ ಎನ್ನುವವರು ಹೆಡ್ ಬಿಚ್ಚಿಸಿ ಮಟ್ಟ ಮಾಡಿಸುವ ಖರ್ಚನ್ನು ಒಮ್ಮೆ ಕೇಳಿ ನೋಡಲಿ. ಲವಣ ಕಡಿಮೆಯಿರುವ ಮೆದು ನೀರು ಸಿಗುವುದೂ ಕಷ್ಟವಲ್ಲ: ಬಂಕಿನಲ್ಲಿ ಸಿಗುವ ಬ್ಯಾಟರಿ ವಾಟರ್ ಎಲ್ಲಕ್ಕಿಂತ ಒಳ್ಳೆಯದು, ಅದಿಲ್ಲದಿದ್ದರೆ ಊರಿನ ಶುದ್ಧ ಕುಡಿಯುವ ನೀರಿನ ಘಟಕದ್ದು. ಆದರೆ ಬರಿಯ ಮೆದು ನೀರು ಲೋಹಕ್ಕೆ ತುಕ್ಕು ಹಿಡಿಸುತ್ತದೆ. ಅದನ್ನು ತಡೆಯುವ ಔಷಧಿ ಇರುವುದು ಕೂಲೆಂಟಿನಲ್ಲಿ, ಆದ್ದರಿಂದ ಅರ್ಧಕ್ಕರ್ಧ ಬೆರೆಸಬೇಕು. ಬೆರೆಸಿಯೇ ಮಾರುವ ಡಬ್ಬಿಯಾದರೆ ಮತ್ತೆ ನೀರು ಸೇರಿಸಬೇಡ.

ದಾರಿಯ ಮಧ್ಯೆ ಬೋರ್ ನೀರು ಬಿಟ್ಟು ಬೇರೇನೂ ಸಿಗದಿದ್ದರೆ? ಆಗ ಹುಯ್ಯಿ, ಬೇಡವೆನ್ನುವುದಿಲ್ಲ. ಮೊದಲು ಗಾಡಿ ಆಫ್ ಮಾಡಿ, ಹೋಸ್ ಕೈಯಲ್ಲಿ ಹಿಡಿಯುವಷ್ಟು ತಣಿದ ಮೇಲೆ ಬಟ್ಟೆ ಸುತ್ತಿ ಮುಚ್ಚಳ ತೆಗೆ. ಬಿಸಿಯಲ್ಲಿ ತೆಗೆದರೆ ಮುಖ, ಕೈ ಬೆಂದುಹೋಗುತ್ತವೆ. ಕಾದ ಹೆಡ್ಡಿನ ಮೇಲೆ ತಣ್ಣೀರು ಎರಚಬೇಡ. ಊರು ಸೇರಿದ ಮೇಲೆ ಆ ನೀರನ್ನು ಪೂರ್ತಿ ಬಸಿದು, ಅಲ್ಯುಮಿನಿಯಂಗೆ ಹೊಂದುವ ಫ್ಲಶ್ ಹಾಕಿ ತೊಳೆದು, ಹೊಸ ಕೂಲೆಂಟ್ ತುಂಬು. ಆ್ಯಸಿಡ್, ವಾಷಿಂಗ್ ಸೋಡಾ ಹಾಕಬೇಡ, ಎರಡೂ ಅಲ್ಯುಮಿನಿಯಂ ತಿನ್ನುತ್ತವೆ. ಬಸಿದ ಕೂಲೆಂಟನ್ನು ದನ, ನಾಯಿ ನೆಕ್ಕುವ ಕಡೆ ಚೆಲ್ಲಬೇಡ. ಸಿಹಿಯಾಗಿರುವ ಅದು ವಿಷ.

ಇಷ್ಟೆಲ್ಲ ಮಾಡಿಯೂ ಎಲ್ಲೂ ಸೋರದೆ ನೀರು ಇಳಿಯುತ್ತಿದ್ದರೆ ಬೆಳಿಗ್ಗೆ ತಣ್ಣಗಿರುವಾಗ ಮುಚ್ಚಳ ತೆಗೆದು ಸ್ಟಾರ್ಟ್ ಮಾಡಿ ನೋಡು. ನೀರಿನಲ್ಲಿ ಬಿಡದೆ ಗುಳ್ಳೆ ಎದ್ದರೆ, ಅಥವಾ ಆಯಿಲ್ ಹಾಲು ಬೆರೆತ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ಹೆಡ್ ಗ್ಯಾಸ್ಕೆಟ್ ಹೋಗಿರುವ ಸಾಧ್ಯತೆ ಹೆಚ್ಚು. ಆಮೇಲೆ ಜಗಳೂರಿನವರೆಗೂ ಓಡಿಸಬೇಡ. ಮೆಕ್ಯಾನಿಕನನ್ನೇ ಮನೆಗೆ ಕರೆಸು, ಹೆಡ್ ಬಿಚ್ಚಿದಾಗ ಅದು ಸೊಟ್ಟಗಾಗಿದೆಯೇ ಎಂದು ಪಟ್ಟಿ ಇಟ್ಟು ನೋಡಿಸಿ ಆಮೇಲೆಯೇ ಹೊಸ ಗ್ಯಾಸ್ಕೆಟ್ ಹಾಕಿಸು.

ಇಂತಿ,
ನಿನ್ನ ಹಿತೈಷಿ