ತಲೆಯಲ್ಲಿ ನೀರು: ಮಗುವಿನ ಕಣ್ಣನ್ನೂ ತೋರಿಸಿ

ತಲೆಯಲ್ಲಿ ನೀರು ತುಂಬಿಕೊಳ್ಳುವ ತೊಂದರೆ, ಅಂದರೆ ಹೈಡ್ರೋಸೆಫಾಲಸ್ ಇರುವ ಮಕ್ಕಳ ಕಣ್ಣಿನ ಬಗ್ಗೆ ಬಂದ ಪತ್ರಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇನೆ. ಶಂಟ್, ಅಂದರೆ ತಲೆಯ ನೀರನ್ನು ಬೇರೆಡೆಗೆ ಹರಿಸುವ ಕೊಳವೆ, ಹಾಕಿಸಿಕೊಂಡು ಬಂದ ಮನೆಯಲ್ಲಿ ಎಲ್ಲರ ಗಮನ ತಲೆಯ ಸುತ್ತಳತೆ, ಜ್ವರ, ಹೊಲಿಗೆ ಹಾಕಿದ ಗಾಯ ಇವುಗಳ ಮೇಲಿರುತ್ತದೆ. ಕಣ್ಣನ್ನು ಬೇರೆಯಾಗಿ ತೋರಿಸಬೇಕೆಂದು ಎಷ್ಟೋ ಸಲ ಯಾರಿಗೂ ಹೊಳೆಯುವುದೇ ಇಲ್ಲ. ತೋರಿಸಲೇಬೇಕು.

ಪ್ರಶ್ನೆ: ನಮ್ಮ ಕೂಸಿಗೆ ಐದು ತಿಂಗಳು. ಹದಿನೈದು ದಿನದಿಂದ ಕಣ್ಣುಗುಡ್ಡೆ ಕೆಳಕ್ಕೆ ಇಳಿದಂತಿದೆ, ಮೇಲುಗಡೆ ಬಿಳಿ ಕಾಣಿಸುತ್ತದೆ. ತಲೆಯೂ ತುಸು ದೊಡ್ಡದಾದಂತಿದೆ. ‘ಎಳೆ ಕೂಸು ಹಾಗೇ ನೋಡುತ್ತದೆ’ ಎನ್ನುತ್ತಾರೆ ಅತ್ತೆ. ಕಾಯಬಹುದೇ? (ಹಾವೇರಿ ಜಿಲ್ಲೆಯ ತಾಯಿ)

ಉತ್ತರ: ಕಾಯಬೇಡಿ, ಈ ಪತ್ರ ಓದಿದ ದಿನವೇ ಮಕ್ಕಳ ವೈದ್ಯರ ಬಳಿ ಹೋಗಿ. ಅತ್ತೆಯವರ ಮಾತು ಪೂರ್ತಿ ಸುಳ್ಳಲ್ಲ. ಆರೋಗ್ಯವಾಗಿರುವ ಕೆಲವು ಕೂಸುಗಳಲ್ಲೂ ಬೆಳಕು ಥಟ್ಟನೆ ಬದಲಾದಾಗ ಕಣ್ಣು ಒಂದು ಗಳಿಗೆ ಕೆಳಗಿಳಿದು ತಾನೇ ಸರಿಯಾಗುತ್ತದೆ. ಆದರೆ ದಿನವಿಡೀ ಹಾಗೇ ಇದ್ದು, ಜೊತೆಗೆ ತಲೆಯೂ ಬೆಳೆಯುತ್ತಿದ್ದರೆ ಅದು ಬೇರೆಯೇ ಮಾತು.

ಮಿದುಳಿನೊಳಗೆ ನಾಲ್ಕು ಕುಹರಗಳಿವೆ. ಅಲ್ಲಿ ತಿಳಿಯಾದ ದ್ರವವೊಂದು ಸದಾ ಊರುತ್ತಿರುತ್ತದೆ. ದೊಡ್ಡವರಲ್ಲಿ ದಿನಕ್ಕೆ ಸುಮಾರು ಅರ್ಧ ಲೀಟರ್. ಊರಿದ್ದು ಹರಿದು ರಕ್ತಕ್ಕೆ ಸೇರಬೇಕು. ದಾರಿ ಕಟ್ಟಿದರೆ ಕುಹರಗಳು ಉಬ್ಬಿ ಸುತ್ತಲಿನ ಮಿದುಳನ್ನು ಒತ್ತುತ್ತವೆ. ಮೂರನೇ ಕುಹರದ ಹಿಂದೆ, ಮಧ್ಯಮಿದುಳಿನ ಬೆನ್ನಿನ ಭಾಗದಲ್ಲಿ, ಕಣ್ಣನ್ನು ಮೇಲಕ್ಕೆ ಹೊರಳಿಸುವ ಕೇಂದ್ರವಿದೆ. ಅದು ಒತ್ತಡಕ್ಕೆ ಸಿಕ್ಕಿದರೆ ಮಗು ಮೇಲೆ ನೋಡಲಾರದು. ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಕೆಂಪು ಗಿಲಕಿಯೊಂದನ್ನು ಮುಖದ ಮುಂದಿನಿಂದ ನಿಧಾನವಾಗಿ ಮೇಲಕ್ಕೆ ಎತ್ತಿ ನೋಡಿ. ಕಣ್ಣು ಹಿಂಬಾಲಿಸದೆ ಬರೀ ತಲೆಯನ್ನೇ ಎತ್ತಲು ಹೊರಟರೆ ಅದನ್ನು ವೈದ್ಯರಿಗೆ ಹೇಳಿ. ತಾಯಿ ಕಾರ್ಡನ್ನೂ ಒಯ್ಯಿರಿ. ಮೊದಲ ಮೂರು ತಿಂಗಳು ತಲೆಯ ಸುತ್ತಳತೆ ತಿಂಗಳಿಗೆ ಸುಮಾರು 2 ಸೆಂ.ಮೀ., ಆಮೇಲಿನ ಮೂರು ತಿಂಗಳು ಸುಮಾರು 1 ಸೆಂ.ಮೀ. ಬೆಳೆಯುವುದು ಸಹಜ. ಇದಕ್ಕಿಂತ ವೇಗವಾಗಿ ಬೆಳೆದಿದ್ದರೆ ಗೊತ್ತಾಗುತ್ತದೆ. ನೆತ್ತಿ ಇನ್ನೂ ಕೂಡಿಕೊಳ್ಳದ ಕೂಸಿಗೆ ಅಲ್ಲಿಂದಲೇ ಅಲ್ಟ್ರಾಸೌಂಡ್ ಮಾಡಬಹುದು. ಅದಕ್ಕೆ ಅರಿವಳಿಕೆ ಬೇಡ, ನೋವಿಲ್ಲ.

ಇನ್ನೊಂದು ಮಾತು. ಈ ವಯಸ್ಸಿನಲ್ಲಿ ನೆತ್ತಿ ತೆರೆದಿರುವುದರಿಂದ ತಲೆಬುರುಡೆ ಹಿಗ್ಗಿ ಒತ್ತಡಕ್ಕೆ ಜಾಗ ಕೊಡುತ್ತದೆ. ಹಾಗಾಗಿ ಕಣ್ಣಿನ ನರದಲ್ಲಿ ಊತ ಕಾಣದೆಯೂ ಇರಬಹುದು. ‘ಕಣ್ಣಿನ ಒಳಗೆ ಊತ ಇಲ್ಲ’ ಎಂದರೆ ತಲೆಯಲ್ಲಿ ತೊಂದರೆಯಿಲ್ಲ ಎಂದಲ್ಲ. ಸಮಯಕ್ಕೆ ಸರಿಯಾಗಿ ಒತ್ತಡ ಇಳಿಸಿದರೆ ಕಣ್ಣು ಮತ್ತೆ ಮೇಲೆ ಹೊರಳುವುದನ್ನು ನೀವೇ ನೋಡುವ ಸಾಧ್ಯತೆ ಚೆನ್ನಾಗಿದೆ.

ಪ್ರಶ್ನೆ: ಮೊಮ್ಮಗಳಿಗೆ ಎರಡೂವರೆ ವರ್ಷ. ನಾಲ್ಕು ತಿಂಗಳಿದ್ದಾಗ ಶಂಟ್ ಹಾಕಿಸಿದೆವು. ಈಗ ಎಡಗಣ್ಣು ಮೂಗಿನ ಕಡೆಗೆ ತಿರುಗುತ್ತಿದೆ. ಮೆಳ್ಳಗಣ್ಣು ಅದೃಷ್ಟ, ಮುಟ್ಟಬೇಡಿ ಎನ್ನುತ್ತಾರೆ ನೆಂಟರು. (ಚಿಕ್ಕಮಗಳೂರಿನ ಅಜ್ಜ)

ಉತ್ತರ: ಯಜಮಾನರೇ, ಈ ನಂಬಿಕೆಯಿಂದ ಕಣ್ಣು ಕಳೆದುಕೊಂಡ ಮಕ್ಕಳು ನಮ್ಮ ನಾಡಿನಲ್ಲಿ ಕಡಿಮೆಯೇನಲ್ಲ. ದಯವಿಟ್ಟು ಆ ಮಾತನ್ನು ಮನೆಯೊಳಗೆ ಬಿಟ್ಟುಕೊಳ್ಳಬೇಡಿ.

ಮೊದಲು ನೀವು ಉತ್ತರ ಹುಡುಕಬೇಕಾದ್ದು, ಮೆಳ್ಳಗಣ್ಣು ಯಾವಾಗ ಶುರುವಾಯಿತು ಎಂಬುದಕ್ಕೆ. ಹೊಸದಾಗಿ, ಕೆಲವು ದಿನ ಅಥವಾ ವಾರದಿಂದ ಕಾಣಿಸಿಕೊಂಡಿದ್ದರೆ ಕಣ್ಣಿನ ಆಸ್ಪತ್ರೆಗಿಂತ ಮುಂಚೆ ಶಂಟ್ ಹಾಕಿದ ನರಶಸ್ತ್ರವೈದ್ಯರ ಬಳಿ ಹೋಗಬೇಕು. ಕಣ್ಣನ್ನು ಹೊರಗಡೆಗೆ ತಿರುಗಿಸುವ ಆರನೇ ನರ ತಲೆಬುರುಡೆಯ ಬುಡದಲ್ಲಿ ಬಹಳ ದೂರ ಸಾಗಿ ಬರುತ್ತದೆ. ತಲೆಯೊಳಗೆ ಒತ್ತಡ ಏರಿದಾಗ ಸುಲಭವಾಗಿ ಸೋಲುವ ನರಗಳಲ್ಲಿ ಅದೂ ಒಂದು. ಅದು ಸೋತರೆ ಕಣ್ಣು ಒಳಗೆ ತಿರುಗುತ್ತದೆ. ಒಂದು ವಸ್ತು ಎರಡಾಗಿ ಕಾಣುವುದನ್ನು ತಪ್ಪಿಸಲು ಮಗು ಮುಖ ಓರೆ ಮಾಡಿ ನೋಡುತ್ತದೆ. ಶಂಟ್ ಕಟ್ಟಿಕೊಂಡಿರುವುದಕ್ಕೆ ಇದೇ ಮೊದಲ ಸುಳಿವಾಗಿರಬಹುದು. ಜೊತೆಗೆ ವಾಂತಿ, ಮಂಕು, ವಿಪರೀತ ನಿದ್ದೆ ಇದ್ದರೆ ರಾತ್ರಿಯಾದರೂ ಹೊರಡಿ.

ಶಂಟ್ ಸರಿಯಿದೆ ಎಂದು ಖಚಿತವಾದ ಮೇಲೆ ಕಣ್ಣಿನ ಸರದಿ. ತಿರುಗಿದ ಕಣ್ಣಿನ ಚಿತ್ರವನ್ನು ಮಗುವಿನ ಮಿದುಳು ಕ್ರಮೇಣ ಬಿಟ್ಟುಬಿಡುತ್ತದೆ, ಆ ಕಣ್ಣಿನ ದೃಷ್ಟಿ ಬೆಳೆಯದೆ ಮಂದವಾಗುತ್ತದೆ. ಆದ್ದರಿಂದ ಮೊದಲು ಹನಿ ಹಾಕಿ ಪವರ್ ನೋಡಿ, ಬೇಕಿದ್ದರೆ ಕನ್ನಡಕ ಕೊಡುತ್ತಾರೆ. ಆಮೇಲೆ ಒಳ್ಳೆಯ ಕಣ್ಣಿಗೆ ದಿನಕ್ಕೆ ಇಂತಿಷ್ಟು ಗಂಟೆ ಪಟ್ಟಿ ಅಂಟಿಸಿ ಸೋತ ಕಣ್ಣಿಗೆ ಕೆಲಸ ಕೊಡುತ್ತಾರೆ. ಏಳೆಂಟು ವರ್ಷದೊಳಗೆ ಇದು ಚೆನ್ನಾಗಿ ಫಲಿಸುತ್ತದೆ, ಚಿಕ್ಕ ವಯಸ್ಸಾದಷ್ಟೂ ಒಳ್ಳೆಯದು. ಶಸ್ತ್ರಚಿಕಿತ್ಸೆಗೆ ಅವಸರ ಬೇಡ: ತಲೆಯ ಒತ್ತಡ ಹತೋಟಿಗೆ ಬಂದು, ಕೆಲವು ತಿಂಗಳು ಮೆಳ್ಳಗಣ್ಣಿನ ಅಳತೆ ಬದಲಾಗದೆ ಉಳಿದ ಮೇಲೆ ಮಾಡುವುದು ಸರಿ.

ಪ್ರಶ್ನೆ: ಏಳು ವರ್ಷದ ಮಗ ಏಳನೇ ತಿಂಗಳಿಗೇ ಹುಟ್ಟಿದವನು. ತಲೆಯಲ್ಲಿ ರಕ್ತಸ್ರಾವವಾಗಿ ನೀರು ತುಂಬಿತ್ತು, ಶಂಟ್ ಇದೆ. ಕಣ್ಣಿನ ಡಾಕ್ಟರು ಕಣ್ಣು ಸರಿಯಿದೆ, ಕನ್ನಡಕವೂ ಬೇಡ ಎಂದರು. ಆದರೆ ಕಣ್ಣೆದುರಿನ ಪೆನ್ಸಿಲ್ ಸಿಗುವುದಿಲ್ಲ, ಮೆಟ್ಟಿಲಲ್ಲಿ ಎಡವುತ್ತಾನೆ, ಜಾತ್ರೆಯಲ್ಲಿ ನನ್ನನ್ನೇ ಗುರುತಿಸಲಿಲ್ಲ. ಬೇಕೆಂದೇ ನಾಟಕ ಮಾಡುತ್ತಾನೆ ಎನ್ನುತ್ತಾರೆ ಶಾಲೆಯ ಮೇಡಂ. (ಕಲಬುರಗಿಯ ತಾಯಿ)

ಉತ್ತರ: ನಿಮ್ಮ ಮಗ ನಾಟಕ ಮಾಡುತ್ತಿಲ್ಲ. ಈ ಒಂದು ಸಾಲನ್ನು ಮೇಡಂಗೂ ಓದಿ ಹೇಳಿ.

ಕಣ್ಣು ಬೆಳಕನ್ನು ಹಿಡಿಯುತ್ತದೆ ಅಷ್ಟೇ, ನೋಡುವ ಕೆಲಸ ನಡೆಯುವುದು ಮಿದುಳಿನಲ್ಲಿ, ಬಹುಪಾಲು ತಲೆಯ ಹಿಂಭಾಗದಲ್ಲಿ. ಕಣ್ಣಿನಿಂದ ಅಲ್ಲಿಗೆ ಹೋಗುವ ನರತಂತುಗಳು ಉಬ್ಬಿದ ಕುಹರಗಳ ಪಕ್ಕದಲ್ಲೇ ಹಾದುಹೋಗುತ್ತವೆ. ತಿಂಗಳು ತುಂಬದೆ ಹುಟ್ಟಿದ ಮಕ್ಕಳಲ್ಲಿ ಸುಲಭವಾಗಿ ಪೆಟ್ಟು ತಿನ್ನುವುದೂ ಅದೇ ಜಾಗ. ಹೀಗೆ ಆಗುವ ತೊಂದರೆಯನ್ನು ಮಿದುಳಿನ ದೃಷ್ಟಿದೋಷ ಎನ್ನುತ್ತೇವೆ. ಇಂಥ ಮಗು ಚಾರ್ಟಿನಲ್ಲಿ ಒಂದೊಂದೇ ಅಕ್ಷರ ತೋರಿಸಿದರೆ 6/6 ಓದಿಬಿಡಬಹುದು. ಅದೇ ಅಕ್ಷರಗಳು ಸಾಲಿನಲ್ಲಿ ಒತ್ತೊತ್ತಾಗಿ ಕುಳಿತರೆ ಕಲಸಿಹೋಗುತ್ತವೆ. ಅದಕ್ಕೇ ನಿಮ್ಮ ಮಗನಿಗೆ ತುಂಬಿದ ಮೇಜಿನ ಮೇಲಿನ ಪೆನ್ಸಿಲ್ ಸಿಗದು, ಜನರ ಗುಂಪಿನಲ್ಲಿ ಅಮ್ಮನ ಮುಖ ಸಿಗದು. ದೃಷ್ಟಿಯ ಕೆಳಭಾಗ ಕಾಣದಿರುವುದೂ ಇವರಲ್ಲಿ ಸಾಮಾನ್ಯ, ಮೆಟ್ಟಿಲಲ್ಲಿ ಎಡವುವುದು ಅದರಿಂದ. ಬೆಳಿಗ್ಗೆ ಕಂಡದ್ದು ದಣಿದ ಸಂಜೆ ಕಾಣದೆ ಹೋಗಬಹುದು. ‘ಆಗ ಕಂಡಿತ್ತಲ್ಲ, ಈಗ ಯಾಕೆ ಕಾಣಲ್ಲ’ ಎಂದು ಗದರಿದರೆ ಮಗುವಿನ ಬಳಿ ಉತ್ತರವಿರುವುದಿಲ್ಲ. ತನಗೆ ಕಾಣುವುದು ಕಡಿಮೆ ಎಂದೇ ಅದಕ್ಕೆ ತಿಳಿದಿಲ್ಲ.

ಔಷಧಿ ಇಲ್ಲ, ಆದರೆ ಮಾಡುವುದು ಬಹಳವಿದೆ. ಓದುವಾಗ ಕಪ್ಪು ಕಾಗದದಲ್ಲಿ ಒಂದು ಸಾಲಿನಷ್ಟು ಕಿಂಡಿ ಕತ್ತರಿಸಿ ಪುಟದ ಮೇಲೆ ಇಟ್ಟುಕೊಡಿ. ನಮ್ಮ ಒತ್ತಕ್ಷರಗಳು ಇಂಥ ಮಕ್ಕಳಿಗೆ ವಿಶೇಷ ಕಷ್ಟ, ಆದ್ದರಿಂದ ಅಕ್ಷರ ದೊಡ್ಡದಿರಲಿ, ಸಾಲುಗಳ ನಡುವೆ ಜಾಗವಿರಲಿ. ಮೆಟ್ಟಿಲಿನ ಅಂಚಿಗೆ ಹಳದಿ ಬಣ್ಣ ಬಳಿಯಿರಿ. ಹೊಳೆಯುವ ಸ್ಟೀಲ್ ತಟ್ಟೆಯಲ್ಲಿ ಬಿಳಿ ಅನ್ನ ಹುಡುಕಲು ಅವನಿಗೆ ಕಷ್ಟ. ಗಾಢ ಬಣ್ಣದ ತಟ್ಟೆ ಕೊಡಿ. ಆಟದ ಸಾಮಾನು ಒಂದೇ ಬುಟ್ಟಿಯಲ್ಲಿ ತುಂಬಬೇಡಿ. ಜನರ ನಡುವೆ ಕೈಬೀಸಿ ಕರೆಯುವ ಬದಲು ಹೆಸರು ಹಿಡಿದು ಕರೆಯಿರಿ. ಟಿ.ವಿ. ಹತ್ತಿರ ಕುಳಿತರೆ ಬೈಯಬೇಡಿ, ಹತ್ತಿರ ಹೋದಾಗ ಪರದೆ ಅವನ ನೋಟವನ್ನು ತುಂಬುತ್ತದೆ, ಸುತ್ತಲಿನ ಗಲಿಬಿಲಿ ಕಡಿಮೆಯಾಗುತ್ತದೆ. ದೃಷ್ಟಿಯ ವಿಸ್ತಾರ ಎಷ್ಟಿದೆ ಎಂದು ಅಳೆಸಿಕೊಳ್ಳಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಮಂದದೃಷ್ಟಿಯನ್ನು ನಿರ್ಧರಿಸುವಾಗ ಅಕ್ಷರ ಓದುವ ಶಕ್ತಿಯಷ್ಟೇ ಅಲ್ಲ, 40 ಡಿಗ್ರಿಗಿಂತ ಕಿರಿದಾದ ನೋಟವೂ ಲೆಕ್ಕಕ್ಕೆ ಬರುತ್ತದೆ.

ಪ್ರಶ್ನೆ: ಮಗಳಿಗೆ ಒಂಬತ್ತು ವರ್ಷ, ಶಂಟ್ ಹಾಕಿ ಎಂಟು ವರ್ಷವಾಯಿತು. ತಲೆನೋವಿಲ್ಲ, ವಾಂತಿಯಿಲ್ಲ. ಪ್ರತಿ ವರ್ಷ ಕಣ್ಣು ತೋರಿಸಬೇಕೆ? (ಉಡುಪಿಯ ತಂದೆ)

ಉತ್ತರ: ಬೇಕು. ಮಕ್ಕಳಿಗೆ ಹಾಕಿದ ಶಂಟ್‌ಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಎರಡು ವರ್ಷದೊಳಗೇ ಕೆಡುತ್ತವೆ. ಅಷ್ಟು ದಾಟಿದ್ದು ಸಂತೋಷದ ವಿಷಯ, ಆದರೆ ಎಷ್ಟು ವರ್ಷದ ಮೇಲಾದರೂ ಅದು ಕಟ್ಟಿಕೊಳ್ಳಬಹುದು. ಕೆಲವರಲ್ಲಿ ಒತ್ತಡ ನಿಧಾನವಾಗಿ ಏರಿ, ತಲೆನೋವೇ ಇಲ್ಲದೆ ಕಣ್ಣಿನ ನರ ಊದಿಕೊಳ್ಳುತ್ತದೆ. ಮಿದುಳನ್ನು ಸುತ್ತಿದ ಪೊರೆ ಈ ನರದ ಮೇಲೂ ಮುಂದುವರಿಯುವುದರಿಂದ ತಲೆಯ ಒತ್ತಡ ನೇರವಾಗಿ ಅಲ್ಲಿಗೆ ತಲುಪುತ್ತದೆ. ಶುರುವಿನಲ್ಲಿ ದೃಷ್ಟಿ ಚೆನ್ನಾಗಿಯೇ ಇರುತ್ತದೆ. ಬಗ್ಗಿ ಎದ್ದಾಗ ಕ್ಷಣ ಹೊತ್ತು ಕಣ್ಣು ಕತ್ತಲಿಡಬಹುದು, ಅಷ್ಟೇ. ಹಾಗೇ ಬಿಟ್ಟರೆ ನರ ಬಿಳಿಚಿ ಒಣಗುತ್ತದೆ. ಆಮೇಲೆ ಶಂಟ್ ಬದಲಿಸಿದರೂ ಹೋದ ದೃಷ್ಟಿ ಬರುವುದಿಲ್ಲ.

ಒಮ್ಮೆ ಒಣಗಿದ ನರ ಮತ್ತೆ ಊದಿಕೊಳ್ಳಲಾರದು ಎಂಬುದೂ ನೆನಪಿರಲಿ. ಅಂಥ ಮಗುವಿನಲ್ಲಿ ಊತ ಕಾಣಲಿಲ್ಲವೆಂದು ನೆಮ್ಮದಿಯಾಗಿರುವಂತಿಲ್ಲ. ಅದಕ್ಕಾಗಿ ಪ್ರತಿ ಭೇಟಿಯಲ್ಲೂ ದೃಷ್ಟಿಯ ಅಳತೆ, ನರದ ಫೋಟೋ, ಸಾಧ್ಯವಿದ್ದರೆ ಒಸಿಟಿ ಎಂಬ ಕಣ್ಣಿನ ಸ್ಕ್ಯಾನ್ ಎಲ್ಲವನ್ನೂ ಬರೆಸಿಟ್ಟು ಹಿಂದಿನದರ ಜೊತೆ ಹೋಲಿಸಬೇಕು.

ಪ್ರಶ್ನೆ: ಟಿ.ಬಿ. ಮಿದುಳಿಗೆ ಹರಡಿ ಮಗನಿಗೆ ನೀರು ತುಂಬಿತ್ತು. ಟಿ.ಬಿ. ಮಾತ್ರೆಯಿಂದ ಕಣ್ಣು ಹೋಗುತ್ತದೆಯಂತೆ, ನಿಲ್ಲಿಸಲೇ? (ರಾಯಚೂರು)

ಉತ್ತರ: ಖಂಡಿತ ನಿಲ್ಲಿಸಬೇಡಿ. ಎಥಾಂಬುಟಾಲ್ ಎಂಬ ಮಾತ್ರೆ ಅಪರೂಪಕ್ಕೆ ಕಣ್ಣಿನ ನರಕ್ಕೆ ತೊಂದರೆ ಕೊಡುತ್ತದೆ ನಿಜ, ಡೋಸ್ ಹೆಚ್ಚಾದರೆ ಅಪಾಯವೂ ಹೆಚ್ಚು. ಆದರೆ ಟಿ.ಬಿ.ಯೂ ನೀರಿನ ಒತ್ತಡವೂ ಅದಕ್ಕಿಂತ ದೊಡ್ಡ ಶತ್ರುಗಳು. ದೃಷ್ಟಿಯನ್ನೂ, ಕೆಂಪು ಹಸಿರು ಗುರುತಿಸುವ ಶಕ್ತಿಯನ್ನೂ ಆಗಾಗ ಪರೀಕ್ಷಿಸಿಕೊಳ್ಳಿ. ಮಂಜು ಕಂಡರೆ ಅಂದೇ ವೈದ್ಯರಿಗೆ ತಿಳಿಸಿ, ಬದಲಾವಣೆ ಅವರೇ ಮಾಡಲಿ.

ಪ್ರಶ್ನೆ: ನಾವು ಕೂಲಿ ಮಾಡುವವರು. ಎಲ್ಲಿ ತೋರಿಸುವುದು? (ಚಾಮರಾಜನಗರ)

ಉತ್ತರ: ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳಿಗಾಗಿ 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ, ಎಷ್ಟೋ ಸಲ ತಲೆಯ ನೀರಿನ ಜೊತೆಗೇ ಇರುವ ಬೆನ್ನುಹುರಿಯ ಹುಟ್ಟುದೋಷಗಳೂ ದೃಷ್ಟಿದೋಷವೂ ಸೇರಿವೆ. ಅಂಗನವಾಡಿ ಅಥವಾ ಆಶಾ ಕಾರ್ಯಕರ್ತೆಯ ಮೂಲಕ ಜಿಲ್ಲೆಯ ಶೀಘ್ರ ಪತ್ತೆ ಕೇಂದ್ರಕ್ಕೆ ಚೀಟಿ ಬರೆಸಿಕೊಳ್ಳಿ. ಬೆಂಗಳೂರಿನಲ್ಲಿ ನರದ ತೊಂದರೆಗೆ ನಿಮ್ಹಾನ್ಸ್, ಕಣ್ಣಿಗೆ ಮಿಂಟೋ ಇವೆ, ಎರಡೂ ಸರ್ಕಾರದವು. ಹೋಗುವಾಗ ಡಿಸ್ಚಾರ್ಜ್ ಕಾಗದ, ಹಳೆಯ ಸ್ಕ್ಯಾನ್ ಫಿಲಂಗಳನ್ನು ಮರೆಯಬೇಡಿ. ಶಂಟ್ ಯಾವ ಬದಿಗಿದೆ, ಯಾವ ವಾಲ್ವ್ ಎಂದು ಒಂದು ಚೀಟಿಯಲ್ಲಿ ಬರೆಸಿಟ್ಟುಕೊಳ್ಳಿ. ಅಯಸ್ಕಾಂತದಿಂದ ಹೊಂದಿಸುವ ವಾಲ್ವ್ ಆಗಿದ್ದರೆ ಎಂಆರ್‌ಐ ಆದ ಮೇಲೆ ಅದನ್ನು ಮತ್ತೆ ಪರೀಕ್ಷಿಸಬೇಕು. ಶಂಟ್ ಕಟ್ಟಿಕೊಂಡಿರುವ ಅನುಮಾನದಲ್ಲಿ ತುರ್ತಾಗಿ ಹೋಗಿದ್ದರೆ, ಕಣ್ಣಿಗೆ ಹನಿ ಹಾಕುವ ಮುಂಚೆ ನರಶಸ್ತ್ರವೈದ್ಯರಿಗೆ ತಿಳಿಸುವಂತೆ ಕೇಳಿ. ಅವರು ಪಾಪೆಯ ಗಾತ್ರ ನೋಡಿಯೇ ಮಿದುಳಿನ ಸ್ಥಿತಿ ಅಳೆಯುತ್ತಿರುತ್ತಾರೆ, ಹನಿ ಬಿದ್ದರೆ ಕೆಲವು ಗಂಟೆ ಆ ಸುಳಿವು ಸಿಗುವುದಿಲ್ಲ.