ನೆಲೆಯಿಲ್ಲದ ಮಕ್ಕಳೂ ದಾಸೋಹಧರ್ಮವೂ

ದಾಸೋಹವೆಂದರೆ ಹಸಿದವರಿಗೆ ಅನ್ನವಿಕ್ಕುವುದು ಎಂಬಷ್ಟೇ ಅರ್ಥವು ಸಾಮಾನ್ಯವಾಗಿ ರೂಢಿಯಲ್ಲಿದೆ. ಶರಣರ ಆಶಯವು ಅದಕ್ಕಿಂತ ಹಿರಿದಾದುದು. ದಾನ ಮಾಡಿದವನಲ್ಲಿ ‘ನಾನು ಕೊಟ್ಟೆ’ ಎಂಬ ಭಾವವು ಉಳಿಯಬಹುದು. ದಾಸೋಹದಲ್ಲಿ ಆ ಭಾವಕ್ಕೆ ಎಡೆಯೇ ಇಲ್ಲ. ತನ್ನ ಕೈಗೆ ಬಂದುದು ತನ್ನದಲ್ಲವೆಂದು ತಿಳಿದು, ಸಲ್ಲಬೇಕಾದಲ್ಲಿಗೆ ಅದನ್ನು ಸಲ್ಲಿಸುವುದೇ ಅದರ ತಿರುಳು. ಅನ್ನ ಮತ್ತು ಧನದ ವಿಷಯದಲ್ಲಿ ಈ ಭೇದವು ಭಕ್ತರಿಗೆ ತಿಳಿದೇ ಇದೆ. ಆದರೆ ಹೊತ್ತು ಮುಳುಗಿದ ಮೇಲೆ ಮನೆ ತಪ್ಪಿದ ಎಳೆಯ ಮಗುವೊಂದು ಬಾಗಿಲಲ್ಲಿ ನಿಂತಿದ್ದರೆ ಗೃಹಸ್ಥನ ಕರ್ತವ್ಯವೇನು?

ವಿಜಯಪುರ ಜಿಲ್ಲೆಯ ಭಕ್ತರಿಗೆ ಇದು ಬರಿಯ ತರ್ಕದ ಪ್ರಶ್ನೆಯಲ್ಲ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳು ಬರವನ್ನು ಬಲ್ಲ ನೆಲಗಳು. ಇವು ಕಲಾದಗಿ ಜಿಲ್ಲೆಗೆ ಸೇರಿದ್ದ ಕಾಲದಲ್ಲಿ, 1876–78ರ ಮಹಾಕ್ಷಾಮವು ಈ ಸೀಮೆಯನ್ನು ಹಿಂಡಿತು. ಇಂದು ಆಲಮಟ್ಟಿಯ ನೀರು ಹಲವು ಹೊಲಗಳಿಗೆ ಹರಿಯುತ್ತಿದೆಯಾದರೂ ಗುಳೆ ಹೋಗುವುದು ನಿಂತಿಲ್ಲ. ಕಬ್ಬು ಕಡಿಯಲೆಂದು ಮಹಾರಾಷ್ಟ್ರಕ್ಕೂ, ಕಟ್ಟಡದ ಕೆಲಸಕ್ಕೆಂದು ಪುಣೆ, ಮುಂಬಯಿ, ಗೋವೆಗಳಿಗೂ ಕುಟುಂಬಗಳು ತೆರಳುತ್ತವೆ. ಕೆಲವರು ಮಕ್ಕಳನ್ನು ಕರೆದೊಯ್ಯುವರು. ಕೆಲವರು ಅಜ್ಜ-ಅಜ್ಜಿಯರ ಬಳಿ ಬಿಟ್ಟು ಹೋಗುವರು. ಈ ಹೋಗಿಬರುವಿಕೆಯಲ್ಲಿ ಒಂದು ಮಗು ನಿಲ್ದಾಣದ ಜನಸಂದಣಿಯಲ್ಲಿ ತಪ್ಪಿಸಿಕೊಳ್ಳಬಹುದು. ಮತ್ತೊಂದು ಹೊಡೆತಕ್ಕೆ ಅಂಜಿ ಮನೆ ಬಿಟ್ಟು ಬರಬಹುದು. ಇನ್ನೊಂದಕ್ಕೆ ಹಿಂದಿರುಗಲು ಮನೆಯೇ ಇಲ್ಲದಿರಬಹುದು.

ಬಾಗೇವಾಡಿಯ ಹೆಸರಿನೊಡನೆಯೇ ನೆನೆಯಬೇಕಾದ ಸಂಗತಿಯೊಂದುಂಟು. ಹರಿಹರ ಕವಿಯ ‘ಬಸವರಾಜದೇವರ ರಗಳೆ’ಯ ಪ್ರಕಾರ ಬಸವಣ್ಣನವರು ತಂದೆತಾಯಿಗಳನ್ನು ಕಳೆದುಕೊಂಡು ಅಜ್ಜಿಯ ಆಸರೆಯಲ್ಲಿ ಬೆಳೆದವರು. ಮುಂದೆ ಜನಿವಾರವನ್ನು ತೊರೆದು, ಊರು ಬಿಟ್ಟು, ಕಪ್ಪಡಿಸಂಗಮಕ್ಕೆ ನಡೆದರು. ಅಲ್ಲಿಯ ಈಶಾನ್ಯಗುರುಗಳು ಆ ಅಪರಿಚಿತ ತರುಣನಿಗೆ ಆಶ್ರಯವಿತ್ತರು. ಸಂಗಮನಾಥನ ಪೂಜೆಯಲ್ಲಿ ನಿಲ್ಲಿಸಿದರು. ಆದರೆ ಅವನನ್ನು ತಮ್ಮವನೆಂದು ಕಟ್ಟಿಹಾಕಲಿಲ್ಲ. ಕಾಲ ಬಂದಾಗ ಬಸವಣ್ಣನವರು ಮಂಗಳವಾಡಕ್ಕೆ ತೆರಳಿದರು. ಇತರ ಪುರಾಣಗಳಲ್ಲಿ ಕಥೆಯ ವಿವರ ಬೇರೆಯಾಗಿದ್ದರೂ, ಮನೆ ಬಿಟ್ಟು ಬಂದವನಿಗೆ ಸಂಗಮವು ನೆಲೆಯಾಯಿತೆಂಬ ಮಾತು ಒಂದೇ.

ಮನೆ ತಪ್ಪಿದ ಮಗುವಿನ ವಿಷಯದಲ್ಲಿ ಗೃಹಸ್ಥನು ಎರಡು ಬಗೆಯಲ್ಲಿ ತಪ್ಪಬಹುದು. ‘ನಮಗೇಕೆ ಉಸಾಬರಿ’ ಎಂದು ಕದವಿಕ್ಕುವುದು ಮೊದಲನೆಯದು; ಇದು ತಪ್ಪೆಂದು ಹೇಳಬೇಕಾಗಿಲ್ಲ. ಎರಡನೆಯದು ಪುಣ್ಯದ ವೇಷದಲ್ಲಿ ಬರುತ್ತದೆ. ‘ಪಾಪ, ದಿಕ್ಕಿಲ್ಲದ ಕೂಸು, ನಾವೇ ಅನ್ನ ಹಾಕಿ ಸಾಕುತ್ತೇವೆ’ ಎಂದು ಮಗುವನ್ನು ಮನೆಯಲ್ಲಿಯೇ ಉಳಿಸಿಕೊಳ್ಳುವುದು ಅದು. ಕೆಲವು ದಿನಗಳಲ್ಲಿ ಆ ಕೂಸು ದನ ಕಾಯುತ್ತದೆ, ಮುಸುರೆ ತಿಕ್ಕುತ್ತದೆ; ಸಾಕಿದವರ ಕಣ್ಣಿಗೆ ಅದು ಋಣ ತೀರಿಸಿದಂತೆ ಕಾಣುತ್ತದೆ. ಒಂದು ವೇಳೆ ಸ್ವಂತ ಮಗುವಿನಂತೆಯೇ ಸಾಕಿದರೂ, ಎಲ್ಲಿಯೋ ಒಬ್ಬ ತಾಯಿ ಅದನ್ನು ಹುಡುಕುತ್ತಿರಬಹುದಲ್ಲವೇ? ‘ನನ್ನದು’ ಎಂಬ ಭಾವವು ಪರರ ಹೊನ್ನಿನಲ್ಲಿ ಸಲ್ಲದೆಂದ ಮೇಲೆ, ಪರರ ಮಗುವಿನಲ್ಲಿ ಸಲ್ಲುವುದು ಹೇಗೆ?

ಆದುದರಿಂದ ಈ ದಾಸೋಹಕ್ಕೆ ತ್ವರೆಯೇ ಮೊದಲ ನಿಯಮ. ಮಕ್ಕಳ ಸಹಾಯವಾಣಿಯ 1098 ಸಂಖ್ಯೆಗೆ ಹಗಲು ರಾತ್ರಿಯೆನ್ನದೆ ಶುಲ್ಕವಿಲ್ಲದೆ ಕರೆ ಮಾಡಬಹುದು. 112ಕ್ಕೂ, ಸಮೀಪದ ಪೊಲೀಸ್ ಠಾಣೆಗೂ ತಿಳಿಸಬಹುದು. 2015ರ ಬಾಲನ್ಯಾಯ ಕಾಯಿದೆಯಂತೆ, ದಿಕ್ಕಿಲ್ಲದ ಮಗುವನ್ನು ಕಂಡವರು 24 ಗಂಟೆಗಳೊಳಗಾಗಿ ಸುದ್ದಿ ಮುಟ್ಟಿಸಲೇಬೇಕು, ಮುಟ್ಟಿಸದಿರುವುದು ಅಪರಾಧ. ಪ್ರಯಾಣದ ವೇಳೆಯನ್ನು ಬಿಟ್ಟು ಅಷ್ಟೇ ಅವಧಿಯಲ್ಲಿ ಮಗುವು ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಬರಬೇಕು. ಒಬ್ಬ ಅಧ್ಯಕ್ಷರೂ ನಾಲ್ವರು ಸದಸ್ಯರೂ ಉಳ್ಳ ಈ ಸಮಿತಿಯು ವಿಚಾರಣೆ ನಡೆಸಿ, ಮಗುವನ್ನು ಅದರ ಕುಟುಂಬಕ್ಕೆ ಸೇರಿಸಲು ಮೊದಲು ಯತ್ನಿಸುತ್ತದೆ. ಅಲ್ಲಿಯವರೆಗೆ ತೆರೆದ ತಂಗುದಾಣದಲ್ಲಿಯೋ ಬಾಲಮಂದಿರದಲ್ಲಿಯೋ ಇರಿಸುತ್ತದೆ. ಬಡತನವೇ ಅಗಲಿಕೆಗೆ ಕಾರಣವಾಗಿದ್ದರೆ, ಅರ್ಹ ಕುಟುಂಬಕ್ಕೆ ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ಮಗುವೊಂದಕ್ಕೆ ತಿಂಗಳಿಗೆ 4,000 ರೂಪಾಯಿಗಳ ಪ್ರಾಯೋಜಕತ್ವದ ನೆರವುಂಟು.

ಅಧಿಕಾರಿಗಳು ಬರುವವರೆಗಿನ ಕೆಲವು ಗಂಟೆಗಳು ಮಾತ್ರ ಗೃಹಸ್ಥನ ಪಾಲಿನವು. ಆ ಹೊತ್ತಿನಲ್ಲಿ ನೀರು, ಅನ್ನ, ಹೊದಿಕೆ ಕೊಡಬೇಕು. ಹೆಣ್ಣುಮಗುವಾದರೆ ಮನೆಯ ಹೆಂಗಸರು ಜೊತೆಗಿರಬೇಕು. ಜನರನ್ನು ಕೂಡಿಸಿ ಪ್ರಶ್ನೆಗಳ ಮಳೆಗರೆಯಬಾರದು, ಜಾತಿಯನ್ನು ಕೇಳಲೇಬಾರದು. ಮಗು ತಾನಾಗಿ ನುಡಿದ ಊರಿನ ಹೆಸರು, ಮನೆಯವರ ಹೆಸರುಗಳನ್ನು ಬರೆದಿಟ್ಟುಕೊಳ್ಳಬೇಕು. ‘ನಾನು ಇದರ ಮಾವ’ ಎಂದು ಬಂದವರ ಕೈಗೆ ಒಪ್ಪಿಸಬಾರದು. ಮೊಬೈಲಿನಲ್ಲಿ ಚಿತ್ರ ತೆಗೆದು ಊರಿಗೆಲ್ಲ ಹರಡುವುದು ಇಂದಿನ ಚಪಲ. ಅದರಿಂದ ಮಗುವಿಗೆ ಕೇಡಾದೀತು, ಅದರ ಗುರುತನ್ನು ಬಯಲುಮಾಡುವುದನ್ನು ಕಾಯಿದೆಯೂ ನಿಷೇಧಿಸಿದೆ.

ಮಠಗಳಿಗೂ ಇಲ್ಲಿ ವಿವೇಕ ಬೇಕು. ಸಿದ್ಧಗಂಗೆಯ ಶ್ರೀ ಶಿವಕುಮಾರ ಸ್ವಾಮಿಗಳು (1907–2019) ಅನ್ನ, ಅಕ್ಷರ, ಆಶ್ರಯಗಳ ತ್ರಿವಿಧ ದಾಸೋಹವನ್ನು ನಾಡಿಗೆ ತೋರಿದರು. ಆದರೆ ಪಾಲಕರೇ ತಂದು ಸೇರಿಸಿದ ವಿದ್ಯಾರ್ಥಿಯ ಸ್ಥಿತಿ ಬೇರೆ, ದಾರಿ ತಪ್ಪಿ ಬಂದ ಮಗುವಿನ ಸ್ಥಿತಿ ಬೇರೆ. ಅಂಥ ಮಕ್ಕಳನ್ನು ಇರಿಸಿಕೊಳ್ಳುವ ಯಾವ ಸಂಸ್ಥೆಯೂ ಕಾಯಿದೆಯಂತೆ ನೋಂದಣಿ ಪಡೆದಿರಬೇಕು. ಸದುದ್ದೇಶವೊಂದೇ ಸಾಲದು, ಲೆಕ್ಕ ಕೇಳುವವರಿಲ್ಲದ ಆಶ್ರಯದಲ್ಲಿ ಮಗುವಿನ ಅಳಲನ್ನು ಕೇಳುವವರೂ ಇರುವುದಿಲ್ಲ. ಮಗುವನ್ನು ಬೆಳೆಸುವ ಹಂಬಲವುಳ್ಳ ದಂಪತಿಗಳಿಗೆ ಪೋಷಕತ್ವ, ದತ್ತುಸ್ವೀಕಾರಗಳ ನ್ಯಾಯಮಾರ್ಗವು ತೆರೆದಿದೆ.

ಒಪ್ಪಿಸಿದೊಡನೆ ಹೊಣೆ ತೀರಿತೆಂದು ಎಣಿಸಲಾಗದು. ಮಗು ಎಲ್ಲಿ ಸೇರಿತು, ಅದರ ಮನೆಯವರು ದೊರೆತರೇ ಎಂದು ಸಮಿತಿಯಲ್ಲಿ ವಿಚಾರಿಸುವುದು ಭಕ್ತನಿಗೆ ಒಪ್ಪುವ ನಡೆ. ಮಠದ ಮಹಾದ್ವಾರದಲ್ಲಿ, ಶಾಲೆಯ ಗೋಡೆಯಲ್ಲಿ, ಜಾತ್ರೆಯ ದಾಸೋಹದ ಚಪ್ಪರದಲ್ಲಿ 1098 ಎಂಬ ಸಂಖ್ಯೆಯನ್ನು ದೊಡ್ಡದಾಗಿ ಬರೆಯಿಸಲು ಹೆಚ್ಚಿನ ವೆಚ್ಚವೇನೂ ಬೇಕಿಲ್ಲ. ಮನೆಯ ಮಕ್ಕಳಿಗೂ ಅದನ್ನು ಬಾಯಿಪಾಠ ಮಾಡಿಸಬೇಕು. ಎಂದಾದರೂ ದಾರಿ ತಪ್ಪುವ ಮಗು ಆ ಮನೆಯದೇ ಆಗಿರಬಹುದು.