32 ಪುಟಗಳ ಕಥೆಗಾರ ಅನಂತ ಪೈ

ಸಂಘದ ಅಧ್ಯಯನ ಕೂಟಕ್ಕೆ ನಾನು ಅನಂತ ಪೈಗಳ ವಿಷಯ ಆರಿಸಿಕೊಂಡೆನೆಂದಾಗ ಹಿರಿಯರೊಬ್ಬರು ನಕ್ಕರು. "ಅದು ಸಾಹಿತ್ಯವೇನ್ರೀ? ಚಿತ್ರದ ಪುಸ್ತಕ. ಅದೂ ಇಂಗ್ಲಿಷಿನದು" ಎಂದರು. ಆಕ್ಷೇಪಣೆ ಎರಡು. ಎರಡನೆಯದಕ್ಕೆ ಉತ್ತರ ಸುಲಭ, ಅದನ್ನೇ ಮೊದಲು ತೆಗೆದುಕೊಳ್ಳುತ್ತೇನೆ.

ಅಮರ ಚಿತ್ರ ಕಥೆಯ ಇಂಗ್ಲಿಷ್ ಮಾಲೆ ಶುರುವಾದದ್ದು 'ಕೃಷ್ಣ'ದಿಂದ. ಆದರೆ ಆ ಪುಸ್ತಕದ ಸಂಖ್ಯೆ 1 ಅಲ್ಲ, 11. ಹಾಗಾದರೆ ಮೊದಲಿನ ಹತ್ತು ಎಲ್ಲಿ ಹೋದವು? ಇಂಡಿಯಾ ಬುಕ್ ಹೌಸ್‌ನ ಬೆಂಗಳೂರು ಶಾಖೆಯಲ್ಲಿದ್ದ ಜಿ. ಕೆ. ಅನಂತರಾಮ್ ಅವರು ಹೇಳಿರುವ ಪ್ರಕಾರ ಆ ಹತ್ತೂ ಕನ್ನಡದಲ್ಲಿ 1965ರಲ್ಲಿ ಬಂದವು. ಅವೆಲ್ಲ ಸಿಂಡ್ರೆಲಾಳಂಥ ಪಾಶ್ಚಾತ್ಯ ಕಥೆಗಳು, ನಮ್ಮ ಪುರಾಣವಲ್ಲ. ಮಾಲೆಯ ಹುಟ್ಟಿನ ಬಗ್ಗೆ ಪೈಗಳು ಹೇಳುತ್ತಿದ್ದ ಕಥೆ ಬೇರೆ, ಅದು ಮುಂದೆ ಬರುತ್ತದೆ. ಯಾರು ಹೆತ್ತವರು, ಯಾರು ಸಾಕಿದವರು ಎಂದು ನಾನು ತೀರ್ಪು ಕೊಡಲಾರೆ. ದೇವಕಿ-ಯಶೋದೆಯರ ಜಗಳ ಬಿಡಿಸಲು ಹೋದವನಿಗೆ ಇಬ್ಬರಿಂದಲೂ ಬೈಗುಳ ತಪ್ಪಿದ್ದಲ್ಲ. ಆದರೆ '11' ಎಂಬ ಆ ಅಂಕೆ ಮಾತ್ರ ನಮ್ಮದೇ ಅನ್ನಿಸುತ್ತದೆ.

ಪೈಗಳು ಹುಟ್ಟಿದ್ದು ಕಾರ್ಕಳದಲ್ಲಿ, 17 ಸೆಪ್ಟೆಂಬರ್ 1929ರಂದು. ಮನೆಮಾತು ಕೊಂಕಣಿ. ಎರಡು ವರ್ಷದವರಿದ್ದಾಗಲೇ ತಂದೆತಾಯಿ ಇಬ್ಬರೂ ಇಲ್ಲವಾದರು. ಹನ್ನೆರಡನೆಯ ವಯಸ್ಸಿಗೆ ಮುಂಬಯಿಗೆ ಬಂದು ಮಾಹಿಮ್‌ನ ಓರಿಯೆಂಟ್ ಸ್ಕೂಲಿಗೆ ಸೇರಿದರು. ಘಟ್ಟದ ಕೆಳಗಿನಿಂದ ಟ್ರಂಕು ಹೊತ್ತು ಈ ಊರಿಗೆ ಬಂದವರ ಮಕ್ಕಳಾದ ನಮಗೆ ಈ ದಾರಿಯನ್ನು ವಿವರಿಸಿ ಹೇಳಬೇಕಾಗಿಲ್ಲ. ಓದಿದ್ದು ರಸಾಯನಶಾಸ್ತ್ರ, ಕೆಮಿಕಲ್ ಟೆಕ್ನಾಲಜಿ. ಮನಸ್ಸಿದ್ದದ್ದು ಪುಸ್ತಕದಲ್ಲಿ. 1954ರಲ್ಲಿ 'ಮಾನವ್' ಎಂಬ ಮಕ್ಕಳ ಪತ್ರಿಕೆ ಮಾಡಿ ಕೈಸುಟ್ಟುಕೊಂಡರು. ಆಮೇಲೆ ಟೈಮ್ಸ್ ಆಫ್ ಇಂಡಿಯಾದ ಪುಸ್ತಕ ವಿಭಾಗ. ಅಲ್ಲಿಂದ 1964ರಲ್ಲಿ ಇಂದ್ರಜಾಲ ಕಾಮಿಕ್ಸ್ ಹೊರಟಿತು. ಲೀ ಫಾಕ್‌ನ ಫ್ಯಾಂಟಮ್ ಈ ದೇಶದ ಮಕ್ಕಳ ಮನೆಗೆ ಬಂದದ್ದು ಹಾಗೆ. ಬೇರೆಯವರ ಕಥೆ ಎಷ್ಟು ಚೆನ್ನಾಗಿ ಖರ್ಚಾಗುತ್ತದೆ ಎಂಬುದನ್ನು ಪೈಗಳು ಅಲ್ಲಿ ಕಣ್ಣಾರೆ ಕಂಡರು.

ಇನ್ನು ಪೈಗಳು ಹೇಳುತ್ತಿದ್ದ ಆ ಕಥೆ. 1967ರಲ್ಲಿ ದೆಹಲಿಯಲ್ಲಿದ್ದಾಗ ದೂರದರ್ಶನದ ಕ್ವಿಜ್ ನೋಡುತ್ತಿದ್ದರಂತೆ. ಗ್ರೀಕ್ ದೇವತೆಗಳ ಬಗ್ಗೆ ಕೇಳಿದ್ದಕ್ಕೆ ಪಟಪಟ ಉತ್ತರ ಕೊಟ್ಟವರು ರಾಮನ ತಾಯಿ ಯಾರು ಅಂದಾಗ ಬಾಯಿ ಬಿಡಲಿಲ್ಲ. ಅದೇ ಚುಚ್ಚು. ಹಲವು ಪ್ರಕಾಶಕರು ಬೇಡವೆಂದ ಮೇಲೆ ಇಂಡಿಯಾ ಬುಕ್ ಹೌಸ್‌ನ ಜಿ. ಎಲ್. ಮಿರ್ಚಂದಾನಿ ಒಪ್ಪಿಕೊಂಡರು. 'ಕೃಷ್ಣ'ಕ್ಕೆ ಬರವಣಿಗೆ ಪೈಗಳದ್ದು, ಚಿತ್ರ ರಾಮ್ ವಾಯೀರ್ಕರ್ ಅವರದ್ದು. ಶುರುವಿನ ವರ್ಷಗಳಲ್ಲಿ ಪುಸ್ತಕಗಳು ಅಂಗಡಿಯಲ್ಲಿ ಧೂಳು ತಿಂದದ್ದೇ ಹೆಚ್ಚು. ಆಮೇಲೆ ನಾನೂರು ದಾಟಿದವು, ಹತ್ತಾರು ಭಾಷೆಗೆ ಹೋದವು. ಹಕ್ಕ-ಬುಕ್ಕ, ಕೃಷ್ಣದೇವರಾಯ, ಬಸವೇಶ್ವರ, ಬಾಹುಬಲಿ, ಟಿಪ್ಪು ಎಲ್ಲ ಆ ಸಾಲಿನಲ್ಲಿದ್ದಾರೆ.

ಈಗ ಮೊದಲ ಆಕ್ಷೇಪಣೆ: ಇದು ಸಾಹಿತ್ಯವೇ? ನಾನು ಒಂದು ಪ್ರಯೋಗ ಮಾಡಿದೆ, ನೀವೂ ಮಾಡಿ ನೋಡಿ. ಪುಣ್ಯಕೋಟಿಯ ಕಥೆಯನ್ನು 32 ಪುಟಕ್ಕೆ ಕತ್ತರಿಸಲು ಕೂತೆ. ಪುಟಕ್ಕೆ ಐದಾರು ಚೌಕ. ಪ್ರತಿ ಚೌಕಕ್ಕೆ ಚಿತ್ರಗಾರನಿಗೆ ಎರಡು ಸಾಲು ಸೂಚನೆ, ಮೇಲೆ ಒಂದು ಸಾಲು ನಿರೂಪಣೆ, ಬಲೂನಿನಲ್ಲಿ ಹತ್ತು ಹದಿನೈದು ಶಬ್ದದ ಮಾತು. ಹುಲಿ ಅಡ್ಡಗಟ್ಟುವವರೆಗೆ ಚೆನ್ನಾಗೇ ಓಡಿತು. ಹುಲಿಯ ಮನಸ್ಸು ತಿರುಗುವ ಜಾಗ ಬಂತು ನೋಡಿ, ಅಲ್ಲಿ ಕೈ ನಿಂತಿತು. ತಿರುಗುತ್ತಿರುವ ಮನಸ್ಸನ್ನು ಚಿತ್ರಗಾರನಿಗೆ ಹೇಗೆ ಹೇಳೋದು? ಹಾಡು ನಿಧಾನವಾಗಿ ಮಾಡುವ ಕೆಲಸವನ್ನು ಚೌಕ ಒಂದೇ ಏಟಿಗೆ ಮಾಡಬೇಕು. ಎಂಟು ಹಾಳೆ ಹರಿದು ಹಾಕಿದ ಮೇಲೆ ಅದು ಸಾಹಿತ್ಯ ಹೌದೋ ಅಲ್ಲವೋ ಎಂಬ ಪ್ರಶ್ನೆಯೇ ನನಗೆ ಮರೆತುಹೋಯಿತು.

ಬಿಡುವುದು ಯಾವುದನ್ನು, ಇಡುವುದು ಯಾವುದನ್ನು ಎಂಬಲ್ಲೇ ಪೈಗಳ ಕಸುಬು ಇರುವುದು. ಗೋವರ್ಧನದ ಉದಾಹರಣೆ ನೋಡಿ. ವಿಜ್ಞಾನ ಓದಿದವರಲ್ಲವೇ, 'ಕೃಷ್ಣ'ದ ಮೊದಲ ಆವೃತ್ತಿಯಲ್ಲಿ ಬೆಟ್ಟ ಎತ್ತುವ ಪವಾಡವನ್ನು ಢಾಳಾಗಿ ತೋರಿಸಲು ಅವರು ಹಿಂಜರಿದರು. ಓದುಗರು ಬಿಡಲಿಲ್ಲ. ಮುಂದೆ ಪರಿಷ್ಕರಿಸಿದಾಗ ಕಿರುಬೆರಳಿನ ಮೇಲೆ ಬೆಟ್ಟ ಸಾಕ್ಷಾತ್ ನಿಂತಿತು. ಇದನ್ನು ಸೋಲು ಅನ್ನಬೇಕೋ ವಿವೇಕ ಅನ್ನಬೇಕೋ? ನನ್ನ ಮಟ್ಟಿಗೆ ಆ ಹಿಂಜರಿಕೆಯೇ ಹೆಚ್ಚು ಪ್ರಿಯ.

ಎಲ್ಲವನ್ನೂ ಪೈಗಳೇ ಬರೆದರು ಎಂದು ತಿಳಿಯಬಾರದು. ಕಮಲಾ ಚಂದ್ರಕಾಂತ್, ಸುಬ್ಬರಾವ್ ಮೊದಲಾದವರ ದುಡಿಮೆ ಅದರಲ್ಲಿ ದೊಡ್ಡದು. ಆದರೆ ಓದುವ ಮಗುವಿನ ಕಣ್ಣಿಗೆ ಬೀಳುತ್ತಿದ್ದದ್ದು 'ಸಂಪಾದಕ: ಅನಂತ ಪೈ' ಒಂದೇ. 1980ರಲ್ಲಿ 'ಟಿಂಕಲ್' ಬಂದ ಮೇಲಂತೂ ಅವರು ದೇಶಕ್ಕೆಲ್ಲ 'ಅಂಕಲ್ ಪೈ' ಆದರು. 2011ರ ಫೆಬ್ರವರಿ 24ರಂದು ಮುಂಬಯಿಯಲ್ಲೇ ತೀರಿಕೊಂಡರು. ಅದಕ್ಕೆ ಕೆಲವೇ ದಿನ ಮುಂಚೆ ದೆಹಲಿಯ ಮೊದಲ ಕಾಮಿಕ್ ಕಾನ್ ಅವರನ್ನು ಗೌರವಿಸಿತ್ತು.

ನನ್ನದೊಂದು ತಕರಾರಿದೆ, ಅದನ್ನು ಹೇಳದೆ ಬಿಟ್ಟರೆ ಈ ಅಭ್ಯಾಸ ಪ್ರಾಮಾಣಿಕವಾಗದು. 1980ರ ದಶಕದಲ್ಲಿ ಮೇ ತಿಂಗಳ ರಜೆಗೆ ಅಜ್ಜಿಯ ಮನೆಗೆ ಹೋಗುತ್ತಿದ್ದೆವು, ಕಾರ್ಕಳದ ಹತ್ತಿರವೇ ಒಂದು ಹಳ್ಳಿ. ಮುಂಬಯಿಯಿಂದ ಬಸ್ಸಿನಲ್ಲಿ ಒಂದು ಕಟ್ಟು ಅಮರ ಚಿತ್ರ ಕಥೆ ನನ್ನ ಜೊತೆ ಬರುತ್ತಿತ್ತು. ಅಜ್ಜಿ ಗೋವರ್ಧನದ ಕಥೆಯನ್ನು ಮೂರು ರಾತ್ರಿ ಹೇಳುತ್ತಿದ್ದಳು. ಬೆಟ್ಟದ ಪೂಜೆಗೆ ಗೋಕುಲದ ಹೆಂಗಸರು ಮಾಡಿದ ಅಡುಗೆಗೇ ಒಂದು ರಾತ್ರಿ: ಕೊಟ್ಟೆ ಕಡುಬು, ಹಲಸಿನಹಣ್ಣಿನ ಗಟ್ಟಿ, ಪತ್ರೊಡೆ. ಒಂದು ವರ್ಷ ನಾನು ನಡುವೆ ಬಾಯಿ ಹಾಕಿದೆ: "ಅಜ್ಜಿ, ಇದೆಲ್ಲ ಸುಳ್ಳು. ಪುಸ್ತಕದಲ್ಲಿ ಇಲ್ಲ. ಅಲ್ಲಿ ಎರಡು ನಿಮಿಷದಲ್ಲಿ ಮುಗೀತದೆ."

ಅಜ್ಜಿ ಸುಮ್ಮನಾದಳು. ಮರುದಿನ ರಾತ್ರಿ, "ನೀನೇ ಓದಿ ಹೇಳು ಮಗಾ, ನಿಂದು ಸರಿ ಉಂಟು" ಎಂದಳು. ಓದಿದೆ, ಇಂಗ್ಲಿಷಿನಿಂದ ಅರ್ಧಂಬರ್ಧ ಕನ್ನಡ ಮಾಡುತ್ತ. ಬೇಗ ಮುಗಿಯಿತು. ಆ ರಜೆಯಲ್ಲಿ ಅವಳು ಮತ್ತೆ ಕಥೆ ಹೇಳಲಿಲ್ಲ, ನಾನೂ ಕೇಳಲಿಲ್ಲ.

ತಪ್ಪು ಪೈಗಳದ್ದೆಂದು ನಾನು ಹೇಳುತ್ತಿಲ್ಲ. ಕಥೆ ಹೇಳುವ ಅಜ್ಜಿಯಿಲ್ಲದ ಮನೆಗಳಿಗೆ ಅವರು ಕಥೆ ಒಯ್ದರು. ನಮ್ಮ ಮನೆಯಲ್ಲಿ ಅಜ್ಜಿ ಇದ್ದಳು, ಅಷ್ಟೇ. ಹೊರಡುವ ದಿನ ಬೆಳಿಗ್ಗೆ ನಾನು ಪುಸ್ತಕಗಳನ್ನು ಚೀಲಕ್ಕೆ ತುಂಬುತ್ತಿದ್ದಾಗ ಅವಳು 'ಕೃಷ್ಣ'ವನ್ನು ಎತ್ತಿಕೊಂಡು, ಕನ್ನಡಕ ಏರಿಸಿ, ಮಳೆಯ ಚಿತ್ರವನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಕೇಳಿದಳು: "ಇಷ್ಟು ಮಳೆ ಬಿದ್ದ ಊರಲ್ಲಿ ಕೆಸುವಿನೆಲೆ ಬಾರದೆ ಇರ್ತದಾ ಮಗಾ?"